ಉಪ್ಪೊಂದನ್ನು ಬಿಟ್ಟು

ನಮ್ಮ ಮನೆಗೆ ಕೊಂಡು ತರುತ್ತಿದ್ದದ್ದು ಉಪ್ಪೊಂದೇ. ಅದನ್ನೂ ಅಪ್ಪ ಮನಸ್ಸಿಲ್ಲದೆ ತರುತ್ತಿದ್ದ. ಶಹಾಪುರದ ಸಂತೆಯಿಂದ ಉಪ್ಪಿನ ಗಂಟು ಹೊತ್ತು ಬಂದು, ಮೂಲೆಯ ಗಡಿಗೆಗೆ ಸುರಿದು, ಮುಖ ಗಂಟಿಕ್ಕಿಕೊಂಡೇ ಹೊರಗೆ ಹೋಗುತ್ತಿದ್ದ. ಎರೆಹೊಲದಲ್ಲಿ ಉಪ್ಪು ಬೆಳೆಯುವಂತಿದ್ದರೆ ಈ ಮನುಷ್ಯ ಅದನ್ನೂ ನಾಲ್ಕು ಸಾಲು ಬಿತ್ತುತ್ತಿದ್ದ ಎಂದು ಅವ್ವ ಅವನ ಬೆನ್ನಿಗೆ ಹೇಳುತ್ತಿದ್ದಳು. ಕೇಳುವುದಕ್ಕೆ ಇದ್ದವರು ನಾನು ಮತ್ತು ಆಡುಗಳು. ಉಳಿದದ್ದೆಲ್ಲ ಮನೆಯದೇ. ಜೋಳ, ತೊಗರಿ, ಮೆಣಸಿನಕಾಯಿ, ಬದುವಿನ ಮೇಲಿನ ಪುಂಡಿಸೊಪ್ಪು. ಹಾಲು ಆಡಿನದು, ತುಪ್ಪವೂ ಆಡಿನದು, ಮೊಟ್ಟೆ ಕೋಳಿಯದು, ಗೊಬ್ಬರ ಎರಡರದೂ. ದೀಪಕ್ಕೆ ಔಡಲ ಬೀಜ ಕುಟ್ಟಿ ಕುದಿಸಿ ತೆಗೆದ ಎಣ್ಣೆ. ಒಲೆಯ ಕೆಂಡವನ್ನು ಅವ್ವ ಬೂದಿಯಲ್ಲಿ ಮುಚ್ಚಿ ಕೂಸಿನ ಹಾಗೆ ಕಾಯುತ್ತಿದ್ದಳು, ಏಕೆಂದರೆ ಬೆಂಕಿಪೊಟ್ಟಣವೂ ಅಂಗಡಿಯ ವಸ್ತುವೇ. ಬೆಲ್ಲವಿರಲಿಲ್ಲ, ಚಹಾ ಇರಲಿಲ್ಲ. ಬಟ್ಟೆಬರೆ ಅವ್ವನ ತವರಿನಿಂದ ಬರುತ್ತಿತ್ತು. ಅದನ್ನು ಅಪ್ಪ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯದನ್ನು ತೋರಿಸಿ ಏನು ಪ್ರಯೋಜನ. ಯಾರ ಮುಂದೂ ಕೈ ಒಡ್ಡದ ಮನೆ ನಮ್ಮದು ಎಂದು ಅವನು ಹೇಳುವಾಗ ದನಿಯೇ ಬೇರೆಯಾಗುತ್ತಿತ್ತು. ಕೈ ಒಡ್ಡುವುದಕ್ಕಾದರೂ ಎದುರಿಗೆ ಒಬ್ಬರು ಇರಬೇಕಲ್ಲ ಎಂಬುದು ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ.

ಇದಕ್ಕೆಲ್ಲ ಕಾರಣ ಕಾಲುವೆ ಎಂದರೂ ಸರಿ, ಆಡು ಎಂದರೂ ಸರಿ. ನಾನಿನ್ನೂ ಅವ್ವನ ಸೊಂಟದ ಮೇಲಿದ್ದಾಗ ನಮ್ಮೂರ ಬಗಲಿಗೆ ಕಾಲುವೆ ಬಂತು. ಜೋಳ, ತೊಗರಿ ಬಿಟ್ಟರೆ ಬೇರೆ ಕಾಣದ ಕಪ್ಪು ಮಣ್ಣಿನ ಮೇಲೆ ಜನ ಭತ್ತದ ಸಸಿ ಹಾಕಿದರು. ಮೊದಲ ವರ್ಷ ಊರಿಗೆ ಊರೇ ಸಂಜೆ ಹೋಗಿ ಆ ಹಸಿರನ್ನು ನೋಡಿ ಬರುತ್ತಿತ್ತಂತೆ. ಆಡುಗಳೂ ನೋಡಿದವು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವುದು ಸುಮ್ಮನೆ ಬಂದ ಮಾತಲ್ಲ. ಒಂದು ಬೆಳಗಿನಲ್ಲಿ ಒಂದು ಸಸಿಮಡಿಯನ್ನು ಅವು ಬೋಳಿಸಿಟ್ಟವು. ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು, ಇನ್ನು ಮುಂದೆ ಊರಲ್ಲಿ ಯಾರೂ ಆಡು ಕಟ್ಟಬಾರದು, ಇದ್ದವರು ಮಾರಿಬಿಡಬೇಕು ಎಂದು ಗೊತ್ತು ಮಾಡಿದರು. ಆ ಹಿರಿಯರಲ್ಲಿ ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಒಡಹುಟ್ಟಿದ ಅಣ್ಣನೂ ಒಬ್ಬ. ಎಲ್ಲರೂ ಮಾರಿದರು. ಅಪ್ಪ ಮಾರಲಿಲ್ಲ. ಮತ್ತೊಂದು ದಿನ ನಮ್ಮ ಆಡು ಇನ್ನೊಬ್ಬರ ಸಸಿಗೆ ಬಾಯಿ ಹಾಕಿದಾಗ, ತಮ್ಮನಿಗೊಂದು ನ್ಯಾಯ ಊರಿಗೊಂದು ನ್ಯಾಯ ಎಂದು ಯಾರೂ ಬೆರಳು ತೋರಿಸಬಾರದೆಂದು ದೊಡ್ಡಪ್ಪನೇ ಮುಂದೆ ನಿಂತು ಅವುಗಳನ್ನು ಹೊಡೆದುಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿಸಿದ. ಬೀಡಾಡಿ ದನಗಳನ್ನು ಕೂಡುವ ಆ ದೊಡ್ಡಿಯಲ್ಲಿ, ಊರಿನ ಹುಡುಗರೆಲ್ಲ ಗೋಡೆ ಹತ್ತಿ ನೋಡುತ್ತಿರುವಾಗ, ಅಪ್ಪ ತನ್ನ ಆಡುಗಳನ್ನು ಒಂದೊಂದಾಗಿ ಕೊರಳು ಹಿಡಿದು ಹೊರಗೆ ತಂದ. ಅಲ್ಲಿಂದ ಮನೆಗೆ ಬಂದು ಹೇಳಿದ್ದು ಇಷ್ಟೇ ಎಂದು ಅವ್ವ ಎಷ್ಟೋ ಸಲ ಹೇಳಿದ್ದಾಳೆ:

"ನನ್ನ ಆಡು ಇರಲಾರದ ಊರಾಗ ನಾನೂ ಇರಂಗಿಲ್ಲ. ಇನ್ನ ಈ ಊರಿನ ಒಂದು ಕಡ್ಡಿನೂ ನನ್ನ ಹೊಸ್ತಿಲು ದಾಟಬಾರದು. ಆಣಿ ಅದ ನಂದು."

ಹೀಗೆ ನಾವು ಕಾಲುವೆಯಾಚೆಯ ಹೊಲದಲ್ಲಿ ಮನೆ ಕಟ್ಟಿದೆವು. ಮನೆ ಎಂದರೆ ಒಂದೇ ಉದ್ದನೆಯ ಕೋಣೆ. ಗೋಡೆ ಹೊಲದ ಕಲ್ಲಿನದು, ಮೇಲೆ ಜಾಲಿ ತೊಲೆ, ಅದರ ಮೇಲೆ ಮಣ್ಣು. ನಡುವೆ ಎದೆಮಟ್ಟದ ಗೋಡೆ. ಈ ಕಡೆ ನಾವು, ಆ ಕಡೆ ಆಡುಗಳು. ಕೋಳಿಗಳಿಗೆ ಗೋಡೆಯ ಭೇದವಿರಲಿಲ್ಲ. ಎಳೆಯ ಮರಿಗಳನ್ನು ದೊಡ್ಡ ಬುಟ್ಟಿಯಡಿ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಿದ್ದರು, ಇಲ್ಲದಿದ್ದರೆ ತಾಯಿಯ ಹಾಲೆಲ್ಲ ಅವುಗಳ ಹೊಟ್ಟೆಗೇ. ಬುಟ್ಟಿಯ ಸಂದಿನಿಂದ ಅವು ಮೂತಿ ತೂರಿಸಿ ಕರೆಯುತ್ತಿದ್ದವು. ನಮ್ಮ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂದು ಬರೆಯಬಹುದಿತ್ತು, ಆದರೆ ಯಾರೂ ಬರುತ್ತಿರಲಿಲ್ಲ. ಬಾಗಿಲಿಗೆ ನಿಂತರೆ ಎದುರಿಗೆ ಕಾಲುವೆಯ ಏರಿ, ಅದರಾಚೆ ಊರಿನ ಕೊನೆಯ ಸಾಲು, ಆ ಸಾಲಿನಲ್ಲಿ ಮೊದಲು ಕಾಣುವುದೇ ದೊಡ್ಡಪ್ಪನ ಮನೆ. ಅವರ ಒಲೆ ಹೊತ್ತಿದ್ದು ನಮಗೆ ತಿಳಿಯುತ್ತಿತ್ತು, ಅವರ ಹಗ್ಗದ ಮೇಲೆ ಯಾವ ಸೀರೆ ಒಣಗುತ್ತಿದೆ ಎಂಬುದೂ ತಿಳಿಯುತ್ತಿತ್ತು. ನೀರಿದ್ದಾಗ ಅಲ್ಲಿಗೆ ಹೋಗಬೇಕೆಂದರೆ ಏರಿಯ ಮೇಲೆ ಬಲು ದೂರ ನಡೆದು ಸೇತುವೆ ದಾಟಬೇಕು. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಹಾಗಲ್ಲ, ಇಳಿದು ಹತ್ತಿದರೆ ಊರು. ಆದರೆ ನಮ್ಮಲ್ಲಿ ಇಳಿದವರಿರಲಿಲ್ಲ.

ಅವ್ವ ಸುರಪುರದ ಕಡೆಯ ತುಂಬು ಮನೆಯ ಮಗಳು. ಅತ್ತೆ, ಚಿಕ್ಕವ್ವ, ಅಕ್ಕತಂಗಿಯರು ಎಂದು ಅಲ್ಲಿ ರೊಟ್ಟಿ ಬಡಿಯುವ ಸದ್ದಿಗಿಂತ ಮಾತಿನ ಸದ್ದು ಹೆಚ್ಚು. ಅಂಥವಳು ಬಾಯಿ ಕಟ್ಟಿಕೊಂಡು ಇರುವುದು ಹೇಗೆ? ತವರಿನ ಹೆಂಗಸರ ಹೆಸರುಗಳನ್ನೆಲ್ಲ ಆಡುಗಳಿಗೆ ಇಟ್ಟುಬಿಟ್ಟಳು. ಚಂದಮ್ಮ, ನಿಂಗವ್ವ, ಈರಮ್ಮ. ಚಂದಮ್ಮ ಹಾಲು ಕರೆಯುವಾಗ ಕಾಲು ಝಾಡಿಸುವವಳು. ನಿಜವಾದ ಚಂದಮ್ಮನೂ ಹಾಗೇ, ಕೈಗೆ ಸಿಗುವವಳಲ್ಲ ಎಂದು ಅವ್ವ ಹೇಳುತ್ತಿದ್ದಳು. ಬೆಳಗ್ಗೆ ಕರೆಯಲು ಕೂತರೆ ಹಿಂಗಾಲುಗಳನ್ನು ತನ್ನ ಮೊಣಕಾಲ ನಡುವೆ ಒತ್ತಿಹಿಡಿದು, ಚಂಬಿಗೆ ಹಾಲಿನ ಸರ ಬೀಳಿಸುತ್ತ, ಅವುಗಳ ಜೊತೆ ಜಗಳ ತೆಗೆಯುತ್ತಿದ್ದಳು. ನೀನು ಹೀಗಂದೆ, ನಾನು ಹೀಗಂದೆ, ನಿನ್ನ ಮದುವೆಯಲ್ಲಿ ನನಗೆ ಯಾವ ಸೀರೆ ಕೊಟ್ಟೆ. ಆಡು ಮೆಲುಕು ಹಾಕುತ್ತ ನಿಲ್ಲುವುದು. ನನಗೆ ಅದು ಆಗ ತಮಾಷೆ. ಈಗ ನೆನೆದರೆ ನಗು ಬರುವುದಿಲ್ಲ. ತವರಿನ ಎಲ್ಲರ ಹೆಸರನ್ನೂ ಇಟ್ಟವಳು ಗಂಡನ ಮನೆಯ ಒಬ್ಬಳ ಹೆಸರನ್ನು ಮಾತ್ರ ಇಡಲಿಲ್ಲ, ಬಾಯಲ್ಲಿ ಆಡಲೂ ಇಲ್ಲ. ಅವಳು ದೊಡ್ಡವ್ವ, ದೊಡ್ಡಪ್ಪನ ಹೆಂಡತಿ. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವನಿಗೆ ಈ ಮನೆಯ ದಾರಿ ತೋರಿಸಿದವಳು, ನಾನು ಹುಟ್ಟುವಾಗ ಕೈ ಹಿಡಿದು ಕೂತವಳು. ನೆಗೆಣ್ಣಿಯರು ಹಾಗೆ ಹೊಂದಿಕೊಂಡು ಇದ್ದದ್ದನ್ನು ನೋಡಿ ಊರಿನ ಹೆಂಗಸರಿಗೆ ಹೊಟ್ಟೆಕಿಚ್ಚಿತ್ತಂತೆ. ಗಂಡಸರು ಜಗಳವಾಡಿದರು, ನೆಗೆಣ್ಣಿಯರು ಒಬ್ಬರ ಸೀರೆಯನ್ನು ಒಬ್ಬರು ದೂರದಿಂದ ನೋಡಿಕೊಂಡು ಸುಮ್ಮನಿರಬೇಕಾಯಿತು.

ನನ್ನ ಪಾಡೂ ಬೇರೆಯಾಗಿರಲಿಲ್ಲ. ಬೆಳಗ್ಗೆ ಹಾಲು ಕರೆದು, ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ತಿಂದು, ಆಡುಗಳ ಹಿಂದೆ ಏರಿಗೆ ಹೋದರೆ ಸಂಜೆಯೇ ತಿರುಗುವುದು. ನೀರು ಒಂದೇ ಸಮನೆ ಹರಿಯುತ್ತಿತ್ತು. ಆ ಸದ್ದಿನಲ್ಲಿ ಕೂಗಿದರೂ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆಡುಗಳ ಮಾತು ನನಗೆ ಬರುತ್ತಿತ್ತು: ನಾಲಗೆ ಹೊರಳಿಸಿ ಟುರ್ರ್ ಎಂದರೆ ಬರುತ್ತವೆ, ಹಲ್ಲಿನ ನಡುವೆ ಚಿಸ್ ಎಂದರೆ ಸರಿಯುತ್ತವೆ. ಮನುಷ್ಯರ ಮಾತಿನ ರೂಢಿ ತಪ್ಪಿತ್ತು. ಮುಂದೆ ಶಾಲೆಗೆ ಹೋದ ಮೊದಲ ದಿನ, ಪಕ್ಕದ ಹುಡುಗಿಯನ್ನು ಸರಿದು ಕೂರು ಎನ್ನಬೇಕಾದಲ್ಲಿ ನಾನು ಚಿಸ್ ಎಂದೆ. ತರಗತಿಯೇ ನಕ್ಕಿತು. ಇಂದಿಗೂ ತುಂಬಿದ ಕೋಣೆಯಲ್ಲಿ ನನ್ನನ್ನು ನಿಲ್ಲಿಸಿದರೆ ಮೊದಲು ಗೋಡೆ ಎಲ್ಲಿದೆ ಎಂದು ಹುಡುಕುತ್ತೇನೆ. ಇದನ್ನು ಸೊಕ್ಕು ಎನ್ನುವವರಿದ್ದಾರೆ. ಸೊಕ್ಕಲ್ಲ, ಅಭ್ಯಾಸ. ಮಾತನಾಡುವವರಿಗಿಂತ ಮೇಯುವವರ ಜೊತೆ ಬೆಳೆದವಳು ನಾನು.

ಒಂದು ಚಳಿಗಾಲ ಈರಮ್ಮ ಎರಡು ಮರಿ ಹಾಕಿತು. ಈದ ಮೇಲಿನ ಮೊದಲ ಹಾಲು, ಆ ಹಳದಿ ಮಂದ ಹಾಲನ್ನು ಕಾಯಿಸಿ ಗಿಣ್ಣ ಮಾಡುತ್ತೇವೆ. ತವರಿನಿಂದ ತಂದು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ಕೊನೆಯ ಚೂರು ಬೆಲ್ಲವನ್ನು ಅವ್ವ ಅದಕ್ಕೆ ಹಾಕಿದಳು. ಮನೆಯೆಲ್ಲ ಘಮ್ಮೆಂದಿತು. ನಾನು ತಾಟು ಹಿಡಿದು ಕೂತೆ. ಅವ್ವ ಬಡಿಸಲಿಲ್ಲ. ಗಿಣ್ಣವನ್ನು ಮೊದಲು ಬೇರೆ ಮನೆಗೆ ಕೊಟ್ಟು ಆಮೇಲೆ ತಿನ್ನಬೇಕು, ಹಂಚದೆ ತಿಂದರೆ ಕೆಚ್ಚಲು ಬತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಊರಿನಲ್ಲಿದ್ದಾಗ ಒಂದು ಆಡು ಈದರೆ ಓಣಿಯ ಅಷ್ಟೂ ಮನೆಗೆ ಚಿಕ್ಕ ಚಿಕ್ಕ ಬಟ್ಟಲು ಹೋಗುತ್ತಿದ್ದವಂತೆ. ಇಲ್ಲಿ ಯಾರಿಗೆ ಕೊಡುವುದು? ನಾಯಿಗೆ ಹಾಕು, ಅದೂ ಬೇರೆ ಜೀವವೇ ಅಲ್ಲವೇ ಎಂದ ಅಪ್ಪ. ಅವ್ವ ಅವನತ್ತ ನೋಡಿದ ನೋಟ ನನಗೆ ನೆನಪಿದೆ. ಬಟ್ಟಲು ತೆಗೆದುಕೊಂಡು ನನ್ನ ಕೈ ಹಿಡಿದು ಏರಿಯ ಮೇಲೆ ನಡೆದಳು. ಕಾಲುವೆಯ ತೂಬಿನ ಹತ್ತಿರ ನೀರು ಬಿಡುವ ಕೆಲಸದವನೊಬ್ಬ ಇರುತ್ತಿದ್ದ, ಗುರುಮಠಕಲ್ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು. ಗೊತ್ತಿಲ್ಲದ ಹೆಂಗಸು ಬಟ್ಟಲು ಚಾಚಿದ್ದನ್ನು ಕಂಡು ಅವನು ಮೊದಲು ಬೆದರಿದ. ಆಮೇಲೆ ಬೆರಳು ನೆಕ್ಕಿ ನೆಕ್ಕಿ ತಿಂದ. ತನ್ನ ತಾಯಿಯೂ ಹೀಗೇ ಮಾಡುತ್ತಿದ್ದಳು ಎಂದ. ಅಷ್ಟೇ ಅವನು ಹೇಳಿದ್ದು. ಮನೆಗೆ ಬಂದು ಅವ್ವ ಆ ಒಂದು ಮಾತನ್ನು ಎಷ್ಟು ಹಿಗ್ಗಿಸಿ, ಎಷ್ಟು ಸಲ, ಎಷ್ಟು ಬಗೆಯಲ್ಲಿ ಹೇಳಿದಳೆಂದರೆ ಅಪ್ಪ ಎದ್ದು ಹೊರಗೆ ಹೋದ. ಅವನು ತಿರುಗಿ ಬಂದು ಊಟಕ್ಕೆ ಕೂತಾಗ ಅವ್ವ ರೊಟ್ಟಿಯ ಬುಟ್ಟಿಯನ್ನು ಮುಂದೆ ತಳ್ಳಿ ಕೇಳಿಯೇಬಿಟ್ಟಳು.

"ನನಗ ಮಾತಾಡಾಕ ಒಬ್ಬರು ಬೇಕ್ರಿ. ಬ್ಯಾರೆ ಏನೂ ಬ್ಯಾಡ."

"ನಾ ಇಲ್ಲೇನು?"

"ನೀವು ಮಾತಾಡಂಗಿಲ್ಲ. ಹೇಳ್ತೀರಿ. ನಾ ಕೇಳ್ತೀನಿ. ಹಿಂಗೇ ಇದ್ರ ಯುಗಾದಿ ಆದ ಮ್ಯಾಲ ಇಕಿನ್ನ ಕರಕೊಂಡು ನಮ್ಮಪ್ಪನ ಮನಿಗಿ ಹೋಗತೀನಿ. ನೀವು ನಿಮ್ಮ ಆಣಿ ಕೂಡ ಇರ್ರಿ."

ಅಪ್ಪ ರೊಟ್ಟಿಯನ್ನು ಮುರಿದದ್ದು ಕೇಳಿಸಿತು. ಆ ದಿನದಿಂದ ನನಗೆ ಯುಗಾದಿಯೆಂದರೆ ಭಯ. ಅವ್ವ ಹೋಗುತ್ತಾಳೆ, ನನ್ನನ್ನೂ ಕರೆದೊಯ್ಯುತ್ತಾಳೆ, ಅಪ್ಪ ಆಡುಗಳ ಜೊತೆ ಒಬ್ಬನೇ ಉಳಿಯುತ್ತಾನೆ. ಹೋಗಲೂ ಬೇಕೆನಿಸುತ್ತಿತ್ತು. ಸುರಪುರದ ಆ ಮನೆಯ ಗದ್ದಲ ನನ್ನನ್ನೂ ಕರೆಯುತ್ತಿತ್ತು. ಆದರೆ ಅಪ್ಪ ಹೊಲದಿಂದ ಬರುವಾಗ ನನಗೆಂದು ಮಡಿಲಲ್ಲಿ ಬಾರಿಹಣ್ಣು ತರುತ್ತಿದ್ದ. ಮಾತು ಬಾರದ ಮನುಷ್ಯ, ಹಣ್ಣು ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದ. ಅವನನ್ನು ಬಿಟ್ಟು ಹೋಗುವುದು ಹೇಗೆ?

ಯುಗಾದಿ ಬಂತು. ಬೇವು ಇತ್ತು, ಬೆಲ್ಲವಿರಲಿಲ್ಲ; ಬರೀ ಬೇವು ತಿಂದೆವು. ಅವ್ವ ಗಂಟು ಕಟ್ಟಲು ಹಳೆಯ ಸೀರೆಯೊಂದನ್ನು ಒಗೆದು ಒಣಹಾಕಿದಳು. ಅಷ್ಟರಲ್ಲಿ ಕಾಲುವೆಯ ನೀರು ನಿಂತಿತ್ತು, ಜೋಳದ ಸುಗ್ಗಿ ಮುಗಿದಿತ್ತು. ಮೊದಲೆಲ್ಲ ನಮ್ಮಲ್ಲಿ ಜೋಳವನ್ನು ಬೇರುಸಮೇತ ಕೀಳುತ್ತಿದ್ದರು. ಒಣ ಎರೆ, ಹಿಡಿದು ಜಗ್ಗಿದರೆ ಬರುತ್ತಿತ್ತು. ಕಿತ್ತ ಹೊಲಕ್ಕೆ ಆಡು ಬಿಡುವುದು ತಲೆತಲಾಂತರದ ವಾಡಿಕೆ. ಉದುರಿದ ಎಲೆ, ಬಿದ್ದ ತೆನೆ ಆಯ್ದು ತಿಂದು ಅವು ಬೇಸಿಗೆ ಕಳೆಯುತ್ತಿದ್ದವು. ಕಾಲುವೆ ಬಂದ ಮೇಲೆ ನಮ್ಮ ಹೊಲದ ತಗ್ಗಿನ ಭಾಗಕ್ಕೆ ಏರಿಯಿಂದ ನೀರು ಬಸಿಯುತ್ತಿತ್ತು. ಹಸಿ ಎರೆ ಬೇರನ್ನು ಬಿಡುವುದಿಲ್ಲ. ಆ ವರ್ಷ ಬಸಿ ಹೆಚ್ಚಾಗಿ ಅಪ್ಪ ಮೊದಲ ಸಲ ಅಲ್ಲಿಯ ಜೋಳವನ್ನು ಕೀಳದೆ ಕುಡುಗೋಲಿನಿಂದ ಕೊಯ್ದ. ಬುಡಗಳು ನೆಲದಲ್ಲೇ ಉಳಿದವು. ಬಸಿನೀರು ಕುಡಿದು ಉರಿ ಬಿಸಿಲಿನಲ್ಲೂ ಎಳೆ ಎಳೆಯಾಗಿ ಚಿಗುರಿದವು. ಮಳೆ ಕೈಕೊಟ್ಟ ಕಾಲದಲ್ಲಿ ಗೇಣುದ್ದದ ಜೋಳದ ಪೈರು ದನಕ್ಕೆ ವಿಷ ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಆದರೆ ಕೊಯ್ದ ಹೊಲದಲ್ಲಿ, ಬೇಸಿಗೆಯಲ್ಲಿ, ಪೈರು ಎಲ್ಲಿಂದ ಬರಬೇಕು? ಅಂಥದ್ದನ್ನು ಕಂಡವರೇ ಇರಲಿಲ್ಲ. ಆ ಹಸಿರನ್ನು ಅಪ್ಪ ದೇವರು ಕೊಟ್ಟ ಮೇವು ಎಂದುಕೊಂಡ. ಉಪ್ಪು ತರಲು ಸಂತೆಗೆ ಹೊರಡುವ ಮುನ್ನ ತಾನೇ ಆಡುಗಳನ್ನು ಬಿಚ್ಚಿ, ತಗ್ಗಿನ ಹೊಲಕ್ಕೆ ತಿರುಗಿಸಿ, ಇವತ್ತು ಹೊಟ್ಟೆ ತುಂಬ ಮೇಯಲಿ ಎಂದು ನನಗೆ ಹೇಳಿ ಹೋದ.

ಅವು ತಿಂದವು. ಬಿಸಿಲು ಇನ್ನೂ ಏರಿರಲಿಲ್ಲ, ಚಂದಮ್ಮ ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಿಗೆ ಒದ್ದಾಡತೊಡಗಿತು. ಬಾಯಿಂದ ನೊರೆ. ಕಾಲು ತಡವರಿಸಿ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನು ಕಿರುಚಿದ್ದು ಕೇಳಿ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಒಮ್ಮೆ ಆಡನ್ನು ನೋಡಿದಳು, ಒಮ್ಮೆ ಚಿಗುರನ್ನು ನೋಡಿದಳು, ತಿಳಿಯಿತು. ಇದಕ್ಕೆ ಬೆಲ್ಲದ ನೀರು ಕುಡಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲವೂ ಇತ್ತು, ಬೆಲ್ಲ ಮಾತ್ರ ಒಂದು ಚೂರೂ ಇರಲಿಲ್ಲ. ಅವಳು ಒಂದು ಗಳಿಗೆ ನಿಂತಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಏರಿ ಹತ್ತಿ, ಕಾಲುವೆಯೊಳಗೆ ಇಳಿದುಬಿಟ್ಟಳು. ಒಣಗಿ ಬಿರಿದ ಕೆಸರಿನ ಮೇಲೆ ಅವಳು ಓಡುತ್ತಿದ್ದುದನ್ನು ನಾನು ಮೇಲಿನಿಂದ ನೋಡಿದೆ. ಆಚೆಯ ಇಳಿಜಾರನ್ನು ಕೈಯೂರಿ ಹತ್ತಿದಳು, ದೊಡ್ಡಪ್ಪನ ಮನೆಯ ಹಿತ್ತಲಿಗೆ ಹೋಗಿ ಕೂಗಿದಳು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಅವಳ ಬಾಯಿಂದ ಬಂತು. "ಅಕ್ಕಾ" ಎಂದಳು.

ಬೆಲ್ಲ ಬೇಕು ಎಂದದ್ದಕ್ಕೆ ದೊಡ್ಡವ್ವ ಏನಾಯಿತೆಂದು ಸಹ ಕೇಳಲಿಲ್ಲವಂತೆ. ಬೆಲ್ಲದ ಪೆಂಟೆಯನ್ನೇ ಉಡಿಯಲ್ಲಿ ಹಾಕಿಕೊಂಡು ಬಂದಳು. ಅವಳ ಹಿಂದೆ ಓಣಿಯ ಇನ್ನೂ ಕೆಲವು ಹೆಂಗಸರು. ಕೊಡದಲ್ಲಿ ಬೆಲ್ಲ ಕದಡಿದರು, ಬಿದಿರಿನ ಗೊಟ್ಟದಲ್ಲಿ ತುಂಬಿ, ಒಬ್ಬರು ಬಾಯಿ ಬಿಡಿಸಿ ಹಿಡಿದು ಇನ್ನೊಬ್ಬರು ಹೊಯ್ದರು. ಚಂದಮ್ಮ, ನಿಂಗವ್ವ ಆಗಲೇ ಮುಗಿದಿದ್ದವು. ಕೆಲವು ಕುಡಿಯುತ್ತಲೇ ಸತ್ತವು. ಕೊನೆಗೆ ಉಳಿದು ಎದ್ದು ನಿಂತವು ಎರಡೇ, ಈರಮ್ಮ ಮತ್ತು ಒಂದು ಪಡ್ಡೆ ಆಡು. ಈರಮ್ಮನ ಕೆಚ್ಚಲು ಅಂದೇ ಬತ್ತಿತು. ಬುಟ್ಟಿಯಡಿಯ ಮರಿಗಳು ತಿಂದಿರಲಿಲ್ಲ, ಅವು ಹಸಿದು ಕರೆಯುತ್ತಲೇ ಇದ್ದವು. ಅವ್ವ ದೊಡ್ಡವ್ವನ ಹೆಗಲಿಗೆ ತಲೆ ಇಟ್ಟು ಅತ್ತಳು. ಆಡಿಗಾಗಿ ಎಂದು ನಾನಂದುಕೊಂಡೆ. ಅತ್ತದ್ದು ಮುಗಿದ ಮೇಲೆ ಇಬ್ಬರೂ ಮಾತಿಗೆ ಕೂತರು ನೋಡಿ, ಸತ್ತ ಆಡುಗಳನ್ನು ಎದುರಿಗಿಟ್ಟುಕೊಂಡೇ. ಯಾರು ಹೆತ್ತರು, ಯಾರು ಹೋದರು, ಯಾರ ಮನೆಗೆ ಸೊಸೆ ಬಂದಳು. ಅವ್ವನ ದನಿ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಅವ್ವ ಹೀಗಿದ್ದವಳೇ ಎಂದು ಅವಳ ಮುಖವನ್ನೇ ನೋಡುತ್ತ ಕೂತೆ.

ಅಪ್ಪ ಉಪ್ಪಿನ ಗಂಟಿನೊಂದಿಗೆ ಬಂದಾಗ ಅಂಗಳದಲ್ಲಿ ಹೆಂಗಸರು ಇನ್ನೂ ಇದ್ದರು. ಅವನು ಸಾಲಾಗಿ ಮಲಗಿಸಿದ್ದ ಆಡುಗಳ ನಡುವೆ ನಡೆದು ಒಂದೊಂದರ ಕಿವಿ ಮುಟ್ಟಿದ. ಗುದ್ದಲಿ ತಂದು ತಗ್ಗಿನ ಹೊಲದಲ್ಲೇ ಕುಣಿ ತೋಡಿದ. ವಿಷವೇರಿದ್ದು, ತಿನ್ನುವ ಹಾಗಿಲ್ಲ, ಕೊಡುವ ಹಾಗಿಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ತಂದು ಉಣ್ಣಿಸಿ ಹೋಗುತ್ತಾರೆ. ಬಾಳಿದ ಜೀವ ಕೊಟ್ಟಿಗೆಯದಾದರೂ ಅಷ್ಟು ಮರ್ಯಾದೆ ಉಂಟು. ದೊಡ್ಡವ್ವ ಮತ್ತೆ ಕಾಲುವೆ ದಾಟಿ ಹೋಗಿ ರೊಟ್ಟಿಯ ಬುಟ್ಟಿ ತಂದು ನಮ್ಮ ಹೊಸ್ತಿಲ ಹೊರಗೆ ಇಟ್ಟು, ಅಪ್ಪನ ಕಡೆ ನೋಡದೆ ಹೊರಟುಹೋದಳು. ಬುಟ್ಟಿ ಅಲ್ಲಿಯೇ ಇತ್ತು. ಅಪ್ಪ ಕೈತೊಳೆದು ಬಂದು ಅದನ್ನು ನೋಡಿದ. ಅವ್ವ ಎದ್ದಳು, ಬುಟ್ಟಿಯನ್ನು ಎತ್ತಿ ಹೊಸ್ತಿಲು ದಾಟಿಸಿ ಒಳಗೆ ತಂದಳು, ನನಗೊಂದು ರೊಟ್ಟಿ ಕೊಟ್ಟು ತಾನೊಂದು ಮುರಿದಳು.

"ನಿಮ್ಮ ಆಣಿ ನಿಮ್ಮ ತಾಟಿಗಿ ಇರಲಿ. ನಾ ಎಲ್ಲಿಗೂ ಹೋಗಂಗಿಲ್ಲ, ತವರಿಗೂ ಹೋಗಂಗಿಲ್ಲ. ಆದ್ರ ನಾಳಿಗಿಂದ ಅಕ್ಕನ ಮನಿಗಿ ಹೋಗಿ ಬರತೀನಿ. ಮಳಿಗಾಲಕ್ಕ ಹುಡುಗಿ ಸಾಲಿಗಿ ಹೋಗತಾಳ."

ಅಪ್ಪ ಹಸಿದೇ ಮಲಗಿದ. ಅಂದಿನಿಂದ ಅವ್ವ ದಿನವೂ ಕಾಲುವೆ ಇಳಿದು ಹತ್ತಿ ಹೋಗಿಬಂದಳು, ನಾನೂ ಹೋದೆ. ನನ್ನ ನಾಲಗೆಗೆ ಮನುಷ್ಯರ ಮಾತು ಮೆಲ್ಲಗೆ ಮರಳಿತು. ದೊಡ್ಡವ್ವ ಕೊಟ್ಟ ಎಮ್ಮೆಯ ಹಾಲಿನಲ್ಲಿ ಮರಿಗಳು ಬದುಕಿದವು. ನಮ್ಮ ಮನೆಗೆ ಬೆಲ್ಲ ಬಂತು, ಬೆಂಕಿಪೊಟ್ಟಣ ಬಂತು, ಸುದ್ದಿ ಬಂತು. ಅಪ್ಪನ ತಾಟಿಗೆ ಮಾತ್ರ ಅದ್ಯಾವುದೂ ಹೋಗಲಿಲ್ಲ. ಅವನಿಗೆ ಮನೆಯ ಜೋಳದ ರೊಟ್ಟಿ, ಮನೆಯ ಖಾರ, ಹಾಲಿಲ್ಲದ್ದಕ್ಕೆ ನೀರು. ಅವ್ವನಿಗೆ ಜನ ಸಿಕ್ಕಿದರು, ನನಗೂ ಸಿಕ್ಕಿದರು. ನಾವಿಬ್ಬರೂ ನಗುತ್ತ ಏರಿ ಇಳಿದು ಬರುವಾಗ ಅವನು ಬಾಗಿಲಲ್ಲಿ ಕೂತು ನಾವು ಬರುವ ದಾರಿಯನ್ನೇ ನೋಡುತ್ತಿದ್ದ, ಕಂಡ ಕೂಡಲೇ ಮುಖ ತಿರುಗಿಸುತ್ತಿದ್ದ. ಮನೆಯ ಒಂಟಿತನವೆಲ್ಲ ಅವನೊಬ್ಬನ ಪಾಲಿಗೆ ಬಂದಿತ್ತು.

ಆಡುಗಳನ್ನು ಹೂಳಿದ ಕೆಲವು ದಿನಗಳಿಗೆ ದೊಡ್ಡಪ್ಪ ಆಚೆಯ ಏರಿಯ ಮೇಲೆ ಬಂದು ಕೂರತೊಡಗಿದ. ಸಂಜೆಯ ಹೊತ್ತು ಬರುವುದು, ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುವುದು, ನಮ್ಮ ಮನೆಯ ಕಡೆ ನೋಡುವುದು, ಹೋಗುವುದು. ಅಪ್ಪನಿಗೂ ಆ ಹೊತ್ತಿಗೇ ಈರಮ್ಮನನ್ನು ಈಚೆಯ ಏರಿಯ ಮೇಲೆ ಮೇಯಿಸುವ ಕೆಲಸ ಬೀಳುತ್ತಿತ್ತು. ಅಲ್ಲಿ ಮೇವು ಇರಲಿಲ್ಲ. ನಡುವೆ ಬತ್ತಿದ ಕಾಲುವೆ. ಹೆಂಗಸರು ಮಕ್ಕಳು ಇಳಿದು ಹತ್ತಿ ಅಲ್ಲೊಂದು ಕಾಲುದಾರಿಯೇ ಬಿದ್ದಿತ್ತು. ಅಣ್ಣ ಕೂತಿದ್ದಾನೆ, ಇಳಿದು ಹೋಗಿ ಮಾತನಾಡಿಸಿ ಎಂದು ಅವ್ವ ಹೇಳಿ ಹೇಳಿ ಸೋತಳು. ಅವನೇ ಇಳಿಯಲಿ, ಕೊಂಡವಾಡಕ್ಕೆ ಹಾಕಿದವನು ಅವನು ಎನ್ನುವುದು ಅಪ್ಪನ ಉತ್ತರ. ಆಚೆಯ ಮನೆಯಲ್ಲಿ ದೊಡ್ಡವ್ವನಿಗೆ ಸಿಗುತ್ತಿದ್ದ ಉತ್ತರವೂ ಇಂಥದ್ದೇ ಇದ್ದಿರಬೇಕು: ಊರು ಬಿಟ್ಟವನು ಅವನು, ಅವನೇ ಬರಲಿ. ಬೇಸಿಗೆಯ ಉದ್ದಕ್ಕೂ ಇಬ್ಬರೂ ಹಾಗೆಯೇ ಕೂತರು. ಇಳಿದವನು ಸೋತ ಹಾಗೆ ಎಂದು ಇಬ್ಬರೂ ಗಟ್ಟಿ ಮಾಡಿಕೊಂಡಿದ್ದರು.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಕಾಲುವೆಗೆ ನೀರು ಬಿಟ್ಟರು. ಮೊದಲು ಕಸಕಡ್ಡಿ ತಳ್ಳಿಕೊಂಡು ಕೆಂಪು ನೀರು ಬಂತು. ಸಂಜೆಯ ಹೊತ್ತಿಗೆ ಕಾಲುದಾರಿ ಮುಳುಗಿ, ಇಳಿಜಾರಿನ ಅರ್ಧಕ್ಕೆ ನೀರು ಏರಿತು. ನಾನು ಅಪ್ಪನ ಜೊತೆ ಏರಿಯ ಮೇಲಿದ್ದೆ. ದೊಡ್ಡಪ್ಪ ಬಂದ. ಎಂದಿನ ಹಾಗೆ ಕೂರಲಿಲ್ಲ, ನಿಂತುಕೊಂಡ. ಅಪ್ಪನೂ ಎದ್ದು ನಿಂತ. ಇನ್ನು ಯಾರೂ ಇಳಿಯುವಂತಿರಲಿಲ್ಲ, ಯಾರೂ ಸೋಲುವಂತಿರಲಿಲ್ಲ. ಆಗ ದೊಡ್ಡಪ್ಪ ಎರಡೂ ಕೈಯನ್ನು ಬಾಯಿಗೆ ಹಿಡಿದು ನೀರಿನ ಸದ್ದಿನ ಮೇಲೆ ಕೂಗಿದ.

"ಎಷ್ಟ ಉಳದಾವೋ ತಮ್ಮಾ?"

ಅಪ್ಪ ಗಂಟಲು ಸರಿಮಾಡಿಕೊಂಡ.

"ಎರಡ ಉಳದಾವಣ್ಣಾ. ಮರಿ ಬ್ಯಾರೆ ಅವ."

"ಕೂಸಿಗಿ ಹಾಲು ಅದ ಏನು?"

"ಅದ" ಎಂದು ಅಪ್ಪ ಕೂಗಿದ. ಸುಳ್ಳು. ಈರಮ್ಮ ಪಕ್ಕದಲ್ಲೇ ಬತ್ತಿದ ಕೆಚ್ಚಲಿನೊಂದಿಗೆ ನಿಂತಿತ್ತು. ನಾನು ದಿನವೂ ಕುಡಿಯುತ್ತಿದ್ದದ್ದು ಅದೇ ದೊಡ್ಡಪ್ಪನ ಎಮ್ಮೆಯ ಹಾಲು; ಅದು ಅಪ್ಪನಿಗೂ ಗೊತ್ತು, ದೊಡ್ಡಪ್ಪನಿಗೂ ಗೊತ್ತು. ಆಚೆಯಿಂದ ದೊಡ್ಡಪ್ಪ ಕೈ ಎತ್ತಿದ, ಸರಿ ಎನ್ನುವ ಹಾಗೆ. ಆಮೇಲೆ ತಿರುಗಿ ಹೊರಟ. ಏರಿ ಇಳಿಯುವಾಗ ಮೊಣಕಾಲಿಗೆ ಕೈ ಊರಿ ನಿಂತು ನಿಂತು ಇಳಿದ. ಅವನು ತನ್ನ ಮನೆಯ ಬಾಗಿಲು ಸೇರುವವರೆಗೂ ಅಪ್ಪ ಕದಲಲಿಲ್ಲ. ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಕೂಗಿದ ದನಿ ಅವಳಿಗೂ ಕೇಳಿಸಿರಬೇಕು. ಭಾವನವರು ಏನೆಂದರು ಎಂದು ಕೇಳಿದಳು. ಅಪ್ಪ ಈರಮ್ಮನನ್ನು ಗೂಟಕ್ಕೆ ಕಟ್ಟಿದ. ಗಂಟು ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದ. ಆಮೇಲೆ ಗೋಡೆಯ ಆ ಕಡೆಯಿಂದಲೇ, ನಮಗೆ ಮುಖ ತೋರಿಸದೆ ಹೇಳಿದ:

"ಅಣ್ಣ ಮುದುಕ ಆಗ್ಯಾನ."